ಡೂಡನ್ ಜರ್ಮನ್ ಆನ್‌ಲೈನ್ ನಿಘಂಟು: ನಾಲ್ಕು ವರ್ಷ ದಿನಾ ಬಳಸಿದ ಮೇಲೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೊದಲ ಚಳಿಗಾಲ. ಮನೆ ಓನರ್ ಅಜ್ಜಿ ಕಾಫಿಗೆ ಕರೆದಿದ್ದರು. ನಾನು ಹೋಗಿ ಕೂತ ಸ್ವಲ್ಪ ಹೊತ್ತಿಗೆ ‘ಎಸ್ ತ್ಸೀಟ್’ ಅಂದರು. ‘ತ್ಸೀಟ್’ನ ಮೂಲ ರೂಪ ‘ತ್ಸೀಯನ್’, ಅಂದರೆ ಎಳೆಯುವುದು ಅಂತ ಗೊತ್ತಿತ್ತು. ಇಲ್ಲಿನ ಅಂಗಡಿ ಬಾಗಿಲ ಮೇಲೆಲ್ಲ ಅದೇ ಬರೆದಿರುತ್ತದೆ. ಯಾರು ಏನನ್ನು ಎಳೆಯುತ್ತಿದ್ದಾರೆ ಅಂತ ತಿಳಿಯಲಿಲ್ಲ. ಅಜ್ಜಿಯೇ ಎದ್ದು ಕಿಟಕಿ ಮುಚ್ಚಿದರು.

ರೂಮಿಗೆ ಬಂದು ಪಾಕೆಟ್ ಡಿಕ್ಷನರಿ ತೆಗೆದೆ. ಜರ್ಮನ್ ಪದದ ಎದುರು ಒಂದೇ ಇಂಗ್ಲಿಷ್ ಪದ, ‘ಪುಲ್’. ಆಮೇಲೆ ಡೂಡನ್ ತಾಣ ತೆರೆದೆ. ಆ ಕ್ರಿಯಾಪದಕ್ಕೆ ಉದ್ದಕ್ಕೂ ಅರ್ಥಗಳ ಸಾಲು. ಕೆಳಗೆ ಹೋಗುತ್ತಾ ಹೋಗುತ್ತಾ ಸಿಕ್ಕಿತು: ಸಂದಿಯಿಂದ ತಣ್ಣನೆ ಗಾಳಿ ಕೊರೆಯುತ್ತಿದೆ ಅನ್ನಲು ಇವರು ‘ಎಳೆಯುತ್ತಿದೆ’ ಅನ್ನುತ್ತಾರೆ.

ಆವತ್ತಿನಿಂದ ದಿನಾ ತೆರೆಯುತ್ತೇನೆ. ಉಚಿತ. ಎಲ್ಲ ಜರ್ಮನ್‌ನಲ್ಲೇ ಇರುತ್ತದೆ, ನನಗೆ ಬೇಕಾದ್ದೂ ಅದೇ. ಕಾರಣ ಹೇಳುತ್ತೇನೆ.

‘ತ್ಸೂಕ್’ ಅಂತ ಒಂದು ಪದ ಇದೆ. ಇಂಗ್ಲಿಷ್ ಮೂಲಕ ಕಲಿತರೆ ಟ್ರೇನ್, ಡ್ರಾಫ್ಟ್ (ಸಂದಿಯಿಂದ ಬರುವ ಗಾಳಿ), ಪಫ್ (ದಮ್), ಪ್ರೊಸೆಷನ್ (ಮೆರವಣಿಗೆ) ಅಂತ ಒಂದಕ್ಕೊಂದು ಸಂಬಂಧ ಇಲ್ಲದ ಪದಗಳನ್ನು ಬಾಯಿಪಾಠ ಮಾಡಬೇಕು. ಡೂಡನ್ ಪುಟದಲ್ಲಿ ಪದದ ಮೂಲವೂ ಇರುತ್ತದೆ. ಇದು ಹುಟ್ಟಿದ್ದು ಅದೇ ‘ತ್ಸೀಯನ್’ನಿಂದ. ಕನ್ನಡದ ಕಣ್ಣಲ್ಲಿ ನೋಡಿದರೆ ಇದು ನಮಗೆ ಹೊಸದೇ ಅಲ್ಲ. ನಮ್ಮಲ್ಲೂ ತೇರು ಎಳೆಯುತ್ತಾರೆ, ಬೀಡಿಯ ದಮ್ ಎಳೆಯುತ್ತಾರೆ, ಉಸಿರು ಎಳೆದುಕೊಳ್ಳುತ್ತಾರೆ. ಸಾವಿನ ಅಂಚಿನಲ್ಲಿ ಇರುವವರು ‘ಕೊನೆಯ ತ್ಸೂಕ್‌ಗಳಲ್ಲಿ’ ಇದ್ದಾರೆ ಅನ್ನುವ ಮಾತು ಜರ್ಮನ್‌ನಲ್ಲಿದೆ. ಓದಿದ ಕೂಡಲೇ ‘ಕೊನೆಯುಸಿರೆಳೆದರು’ ನೆನಪಾಯಿತು. ಮೈ ಜುಮ್ಮೆಂದಿತು. ಮತ್ತೆ ಆ ಪದ ಮರೆತಿಲ್ಲ.

ಜರ್ಮನಿಯಲ್ಲಿ ಹುಟ್ಟಿದ ಕಿಟೆಲ್ ನಮ್ಮ ಪದಗಳನ್ನೆಲ್ಲ ಕೂಡಿಟ್ಟು 1894ರಲ್ಲಿ ನಿಘಂಟು ಕೊಟ್ಟರು, ಅದು ಕನ್ನಡ–ಇಂಗ್ಲಿಷ್. ಜೊತೆಗೆ ಒಂದು ಕನ್ನಡ–ಜರ್ಮನ್ ಕೂಡ ಕೊಟ್ಟಿದ್ದರೆ ಅಂತ ಎಷ್ಟೋ ಸಲ ಅನಿಸಿದೆ.

ಇನ್ನೊಂದು ಇಷ್ಟವಾದದ್ದು ಉಚ್ಚಾರದ ಗುರುತು. ಒತ್ತು ಬೀಳುವ ಸ್ವರ ದೀರ್ಘವಾದರೆ ಕೆಳಗೆ ಗೆರೆ, ಹ್ರಸ್ವವಾದರೆ ಚುಕ್ಕೆ. ‘ಷ್ಟಾಟ್’ ಅಂದರೆ ದೇಶ, ರಾಜ್ಯ. ‘ಷ್ಟಟ್’ ಅಂದರೆ ಪಟ್ಟಣ. ದೀರ್ಘ-ಹ್ರಸ್ವ ನಮಗೆ ಒಂದನೇ ಕ್ಲಾಸಿನ ಪಾಠ ಅಲ್ವಾ, ಬೇಗ ಹಿಡಿತಕ್ಕೆ ಬರುತ್ತದೆ. ಲಿಂಗ ಮಾತ್ರ ಹಾಗಲ್ಲ. ನಮಗೆ ಚಮಚ, ಫೋರ್ಕ್, ಚಾಕು ಮೂರೂ ‘ಅದು’. ಇಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಆದ್ದರಿಂದ ಪದದ ಮುಂದೆ ಲಿಂಗ ತೋರಿಸುವ ‘ಡೇರ್, ಡೀ, ಡಾಸ್’ ಇಲ್ಲದೆ ಒಂದು ಪದವನ್ನೂ ನೋಟ್‌ಬುಕ್‌ನಲ್ಲಿ ಬರೆಯುವುದಿಲ್ಲ. ಪದ ಎಷ್ಟು ಬಳಕೆಯಲ್ಲಿದೆ ಅಂತ ಐದು ಪುಟ್ಟ ಪಟ್ಟೆಗಳಲ್ಲಿ ತೋರಿಸುತ್ತಾರೆ. ಒಂದೇ ಪಟ್ಟೆ ತುಂಬಿದ್ದರೆ ಅಪರೂಪದ ಪದ, ಓದಿ ಬಿಟ್ಟುಬಿಡುತ್ತೇನೆ. ದಿನಕ್ಕೆ ಎರಡೇ ಪದ, ಒಂದೊಂದಕ್ಕೂ ನನ್ನದೇ ಒಂದು ವಾಕ್ಯ. ಜಾಸ್ತಿ ಬರೆದರೆ ಉಳಿಯಲ್ಲ.

ಭಾಷೆ ಕಲಿಯುವ ಮೊದಲ ಎರಡು ಹಂತಗಳಾದ ಎ1, ಎ2ರಲ್ಲಿ ಇರುವವರು ಇದನ್ನೇ ನೆಚ್ಚಬೇಡಿ. ಒಂದು ಪದದ ವಿವರಣೆಯಲ್ಲಿ ಐದು ಗೊತ್ತಿಲ್ಲದ ಪದ ಬಂದರೆ ಸುಮ್ನೆ ಬೇಸರ ಆಗುತ್ತದೆ. ಅಲ್ಲಿವರೆಗೆ ಇಂಗ್ಲಿಷ್ ಅರ್ಥದ ಡಿಕ್ಷನರಿ ಸಾಕು. ಮುಂದಿನ ಹಂತ ಬಿ1ಗೆ ಬಂದ ಮೇಲೆ ಡೂಡನ್ ತೆರೆಯಿರಿ. ಮೊದಲು ಗೊತ್ತಿರುವ ಪದವನ್ನೇ ಹುಡುಕಿ: ಮನೆ, ಕೈ, ತಲೆ. ಅರ್ಥ ಮೊದಲೇ ಗೊತ್ತಿರುವುದರಿಂದ, ಅದನ್ನು ಜರ್ಮನ್‌ನಲ್ಲಿ ಹೇಗೆ ಹೇಳುತ್ತಾರೆ ಅನ್ನುವುದರ ಕಡೆಗೆ ಗಮನ ಕೊಡಬಹುದು.