ಹಳೇ ಕ್ಯಾಮೆರಾಗೆ ಲೈಟ್ ಸೀಲ್ ಫೋಮ್ ಕಿಟ್: ಕೆಲವು ವರ್ಷ ಬಳಸಿದ ಮೇಲೆ

ಫಿಲ್ಮ್ ಕ್ಯಾಮೆರಾದ ಒಳಗೆ ಬೆಳಕು ಸೋರದಂತೆ ತಡೆಯುವ ಪಟ್ಟಿಗೆ ಲೈಟ್ ಸೀಲ್ ಅನ್ನುತ್ತಾರೆ. ಹಾಳಾದ ಸೀಲ್ ಬದಲಿಸಲು ಬರುವ ಕಿಟ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕಿಟ್ ಒಳ್ಳೆಯದೇ. ಆದರೆ ಅದರಲ್ಲಿರುವ ಅರ್ಧ ಸಾಮಾನನ್ನು ನಾನು ಈಗ ಮುಟ್ಟುವುದೂ ಇಲ್ಲ. ಹಿಂಬಾಗಿಲಿನ ಕೀಲಿನ ಹತ್ತಿರಕ್ಕೆ ಮತ್ತು ಕ್ಲಿಕ್ ಮಾಡಿದಾಗ ಒಳಗಿನ ಕನ್ನಡಿ ಬಡಿಯುವ ಜಾಗಕ್ಕೆ ಫೋಮ್ ಬೇಕೇ ಬೇಕು. ಬಾಗಿಲಿನ ಮೇಲಂಚು, ಕೆಳಂಚು ಕೂರುವ ಉದ್ದನೆಯ ಸಂದಿಗೆ ಮಾತ್ರ ಕಪ್ಪು ಉಣ್ಣೆ ದಾರವೇ ವಾಸಿ.

ಕಿಟ್‌ನಲ್ಲಿ ಬರುವುದು ಇಷ್ಟು: ಹಿಂಬದಿ ಅಂಟಿರುವ, ಬೇರೆ ಬೇರೆ ದಪ್ಪದ ಕಪ್ಪು ಫೋಮ್ ಪಟ್ಟಿಗಳು, ಕನ್ನಡಿಗೆ ಒಂದು ತುಂಡು, ಕೆರೆಯಲು ಒಂದು ಕಡ್ಡಿ, ಒಂದು ಚೀಟಿ. ಇದು ಯಾರಿಗೆ ಬೇಕು? 1970–80ರ ದಶಕದ ಎಸ್‌ಎಲ್‌ಆರ್ (ಲೆನ್ಸ್ ಕಾಣುವುದನ್ನೇ ಒಳಗಿನ ಕನ್ನಡಿಯ ಮೂಲಕ ತೋರಿಸುವ ಕ್ಯಾಮೆರಾ) ಇಟ್ಟುಕೊಂಡಿರುವ ಹೆಚ್ಚುಕಮ್ಮಿ ಎಲ್ಲರಿಗೂ. ಕ್ಯಾನನ್ ಎಇ-1, ಒಲಿಂಪಸ್ ಓಎಂ-1, ಪೆಂಟಾಕ್ಸ್ ಕೆ1000, ಎಲ್ಲದರಲ್ಲೂ ಫೋಮ್ ಇದೆ. ಆ ಕಾಲದ ಪಾಲಿಯುರೆಥೇನ್ ಫೋಮ್ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆದು, ಕರಗಿದ ಟಾರಿನ ಹಾಗೆ ಅಂಟಂಟಾಗುತ್ತದೆ. ಕ್ಯಾಮೆರಾ ಬಳಸದೆ ಬೀರುವಿನಲ್ಲಿ ಇಟ್ಟಿದ್ದರೂ ಅದೇ ಗತಿ. ಹಾಗಾಗಿ ‘ಜಾಸ್ತಿ ಬಳಸಿಲ್ಲ, ಸೀಲ್ ಹೊಸದರ ಹಾಗಿದೆ’ ಅಂತ ಮಾರುವವರು ಹೇಳಿದರೆ ನಂಬಬೇಡಿ. ಟೂತ್‌ಪಿಕ್‌ನಿಂದ ಒತ್ತಿ ನೋಡಿ. ಕುಳಿ ಬಿದ್ದದ್ದು ಮೇಲೆ ಏಳದಿದ್ದರೆ, ಅಥವಾ ಕಡ್ಡಿಗೆ ಕಪ್ಪು ಹತ್ತಿದರೆ, ಆ ಫೋಮ್ ಸತ್ತಿದೆ.

ಕಿಟ್ ಮೇಲೆ ನನಗಿರುವ ದೊಡ್ಡ ತಕರಾರು ಆ ಚೀಟಿಯದ್ದು. ಎಲ್ಲಿ ಅಂಟಿಸಬೇಕು ಅಂತ ಇದೆ. ಬೆಳಕು ಎಲ್ಲಿಂದ ಸೋರುತ್ತಿದೆ ಅಂತ ಕಂಡುಹಿಡಿಯುವುದರ ಬಗ್ಗೆ ಒಂದು ಸಾಲೂ ಇಲ್ಲ. ಫೋಟೋದಲ್ಲಿ ಕೆಂಪು ಪಟ್ಟೆ ಕಂಡ ತಕ್ಷಣ ಜನ ಕಿಟ್ ತರಿಸುತ್ತಾರೆ. ಎಷ್ಟೋ ಸಲ ತಪ್ಪು ಸೀಲಿನದ್ದೇ ಅಲ್ಲ.

ಮೊದಲು ನೋಡಬೇಕಾದದ್ದು ಸ್ಕ್ಯಾನ್ ಅಲ್ಲ, ನೆಗೆಟಿವ್, ಅಂದರೆ ತೊಳೆದ ಫಿಲ್ಮ್. ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಿಹೋಗುತ್ತದೆ. ನಮಗೆ ಬೇಕಾದ ಸಾಕ್ಷಿ ಇರುವುದೇ ಅಲ್ಲಿ. ನೆಗೆಟಿವ್‌ನಲ್ಲಿ ಸೋರಿದ ಬೆಳಕು ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಚಿತ್ರದ ಚೌಕಟ್ಟು ದಾಟಿ, ಫಿಲ್ಮ್ ಅಂಚಿನ ತೂತುಗಳ ಸಾಲಿಗೂ ಹರಡಿದೆಯಾ? ಹಾಗಿದ್ದರೆ ಬೆಳಕು ಬಂದದ್ದು ಹಿಂಬಾಗಿಲಿನಿಂದ. ಚೌಕಟ್ಟಿನ ಒಳಗೇ ನಿಂತಿದೆಯಾ? ಆಗ ಲೆನ್ಸ್ ಮೌಂಟ್ (ಲೆನ್ಸ್ ಕೂರುವ ಬಳೆ), ಶಟರ್ (ಫಿಲ್ಮ್ ಮುಂದಿನ ಪರದೆ) ಅಥವಾ ಬೆಲ್ಲೋಸ್ (ಮಡಚುವ ಕ್ಯಾಮೆರಾದ ಮಡಿಕೆ ಚೀಲ) ಕಡೆ ಅನುಮಾನಪಡಿ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಗೊಂದಲ ಕಳೆಯುತ್ತದೆ.

ಬಣ್ಣವೂ ಸುಳಿವು ಕೊಡುತ್ತದೆ. ಕಲರ್ ನೆಗೆಟಿವ್‌ನಲ್ಲಿ ಕೆಂಪಿಗೆ ಸ್ಪಂದಿಸುವ ಪದರ ಸಾಮಾನ್ಯವಾಗಿ ತಳದಲ್ಲಿರುತ್ತದೆ. ಹಿಂದಿನಿಂದ ಬಂದ ಬೆಳಕು ಮೊದಲು ಅದನ್ನೇ ಮುಟ್ಟುವುದರಿಂದ ಫೋಟೋದಲ್ಲಿ ಕೆಂಪು, ಕಿತ್ತಳೆ ಕಾಣುತ್ತದೆ. ಮುಂದಿನಿಂದ ಸೋರಿದರೆ ಕಲೆ ಬೆಳ್ಳಗಿರುವುದೇ ಹೆಚ್ಚು.

ಇನ್ನು ಜಾಗ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಎಡಬಲವನ್ನೂ ಅದಲುಬದಲು ಮಾಡುತ್ತದೆ. ಫೋಟೋದ ಕೆಳಗೆ ಕಲೆ ಇದ್ದರೆ ಕ್ಯಾಮೆರಾದ ಮೇಲಂಚು ನೋಡಿ. ಫೋಟೋದ ಎಡಕ್ಕೆ ಇದ್ದರೆ, ಕ್ಯಾಮೆರಾವನ್ನು ಹಿಂದಿನಿಂದ ನೋಡುವಾಗ ಬಲಭಾಗ. ಕೀಲು ಇರುವುದು ಸಾಮಾನ್ಯವಾಗಿ ಅಲ್ಲೇ. ಇದು ಅಡ್ಡ ಹಿಡಿದು ತೆಗೆದ ಫೋಟೋಗೆ. ಉದ್ದಕ್ಕೆ ಹಿಡಿದಿದ್ದರೆ ಸ್ವಲ್ಪ ತಲೆ ಓಡಿಸಬೇಕು.

ಪ್ರತಿ ಫ್ರೇಮ್‌ನಲ್ಲೂ ಒಂದೇ ಕಡೆ, ಒಂದೇ ಆಕಾರದ ಚುಕ್ಕೆ ಬರುತ್ತಿದ್ದರೆ ಅದು ಬಟ್ಟೆ ಶಟರ್‌ನ ತೂತು ಇರಬಹುದು. ಲೆನ್ಸ್ ತೆಗೆದು, ಬಾಗಿಲು ತೆರೆದು, ಎಸ್‌ಎಲ್‌ಆರ್ ಆದರೆ ಕನ್ನಡಿಯನ್ನು ಮೆಲ್ಲಗೆ ಮೇಲೆತ್ತಿ, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಹಾಕಿ ಹಿಂದಿನಿಂದ ನೋಡಿ. ಸನ್ನೆ ತಿರುಗಿಸಿ ಶಟರ್ ಏರಿಸಿದಾಗ ಒಮ್ಮೆ, ಕ್ಲಿಕ್ ಮಾಡಿ ಇಳಿಸಿದಾಗ ಒಮ್ಮೆ. ಎರಡು ಪರದೆಗಳಿರುತ್ತವೆ ಅಲ್ವಾ? ರೇಂಜ್‌ಫೈಂಡರ್‌ಗಳಲ್ಲಿ (ಒಳಗೆ ಕನ್ನಡಿ ಇಲ್ಲದ, ಪಕ್ಕದ ಕಿಂಡಿಯಿಂದ ನೋಡುವ ಕ್ಯಾಮೆರಾ) ಬಿಸಿಲು ಲೆನ್ಸ್ ಮೂಲಕ ಬಿದ್ದು ಪರದೆಯನ್ನೇ ಸುಟ್ಟು ತೂತು ಮಾಡುವುದುಂಟು. ಅದಕ್ಕೇ ಕ್ಯಾಪ್ ಹಾಕಿಡಬೇಕು. ಮಡಚುವ ಕ್ಯಾಮೆರಾ ಆದರೆ ಬೆಲ್ಲೋಸ್ ಒಳಗೆ ಟಾರ್ಚ್ ಇಟ್ಟು ಮಡಿಕೆಗಳ ಮೂಲೆ ನೋಡಿ. ಈ ಎರಡಕ್ಕೂ ಕಿಟ್ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೂ ಅನುಮಾನ ಉಳಿದರೆ ಒಂದು ರೋಲ್ ಖರ್ಚು ಮಾಡಿ. ಅರ್ಧ ರೋಲ್ ಹಾಗೇ ತೆಗೆಯಿರಿ. ಉಳಿದರ್ಧಕ್ಕೆ ಬಾಗಿಲಿನ ಅಂಚಿಗೆಲ್ಲ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ. ಎರಡೂ ಸಲ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಓಡಾಡಿಸಿ. ಟೇಪ್ ಹಾಕಿದ ಮೇಲೆ ಕಲೆ ನಿಂತರೆ ಧೈರ್ಯವಾಗಿ ಕಿಟ್ ತರಿಸಿ.

ಅಂಟಿಸುವುದು ಸುಲಭ. ಹಳೆಯದನ್ನು ಕೆರೆಯುವುದೇ ಬೇಸರದ ಕೆಲಸ. ಐಸೊಪ್ರೊಪೈಲ್ ಆಲ್ಕೋಹಾಲ್ ನೀವೇ ತರಬೇಕು. ಕಡ್ಡಿಗೆ ಸ್ವಲ್ಪವೇ ಹಚ್ಚಿ, ನೇರವಾಗಿ ಸುರಿಯಬೇಡಿ. ಬಾಗಿಲು ತೆರೆದು ಕೆಲಸ ಮಾಡುವಾಗ ಶಟರ್ ಮೇಲೆ ಒಂದು ಕಾಗದ ಮುಚ್ಚಿಡಿ, ಒತ್ತಬೇಡಿ. ಕನ್ನಡಿ ಹತ್ತಿರದ ಫೋಮ್ ತೆಗೆಯುವಾಗ ಕ್ಯಾಮೆರಾ ತಲೆಕೆಳಗಾಗಿ ಇಟ್ಟರೆ ಪುಡಿ ಫೋಕಸಿಂಗ್ ಸ್ಕ್ರೀನ್ (ಕನ್ನಡಿಯ ಮೇಲಿರುವ, ಚಿತ್ರ ಮೂಡುವ ಮಬ್ಬು ಹಲಗೆ) ಮೇಲೇ ಬೀಳುತ್ತದೆ. ಆ ಸ್ಕ್ರೀನ್‌ಗೆ ಆಲ್ಕೋಹಾಲ್ ತಾಗಿಸಲೇಬೇಡಿ. ಪಟ್ಟಿಯ ಅಂಟಿಗೆ ನೀರು ಸವರಿದರೆ ತಕ್ಷಣ ಹಿಡಿಯುವುದಿಲ್ಲ, ಜಾಗಕ್ಕೆ ಸರಿಸಲು ಸಮಯ ಸಿಗುತ್ತದೆ. ಕೆಲವರು ಸುಮ್ನೆ ನಾಲಿಗೆಯಲ್ಲೇ ನೆಕ್ಕಿ ಅಂಟಿಸುತ್ತಾರೆ!

ಈಗ ದಪ್ಪದ ವಿಷಯ. ಕಿಟ್‌ನವರು ಸಂದಿಗೆ ಅಂತ ಕೊಟ್ಟ ಪಟ್ಟಿ ನನ್ನ ಎಸ್‌ಎಲ್‌ಆರ್‌ಗೆ ದಪ್ಪವಾಯಿತು. ಬಾಗಿಲು ಒತ್ತಿ ಮುಚ್ಚಬೇಕಾಗುತ್ತಿತ್ತು, ಚಿಲಕಕ್ಕೆ ಸುಮ್ಮನೆ ಭಾರ. ಅದನ್ನು ಕಿತ್ತು ದಾರ ಕೂರಿಸಿದೆ. ಬಾಗಿಲು ಹಗುರವಾಗಿ ಮುಚ್ಚಿತು, ಬೆಳಕೂ ನಿಂತಿತು. ಆಶ್ಚರ್ಯವೇನಿಲ್ಲ. ಸಂದಿ ಆಳವಾಗಿದ್ದರೆ ಬೆಳಕನ್ನು ತಡೆಯುವ ಕೆಲಸ ಮುಕ್ಕಾಲು ಪಾಲು ಆ ಸಂದಿಯದ್ದೇ. ದಾರ ಉಳಿದದ್ದನ್ನು ತುಂಬಿದರೆ ಆಯಿತು.

ವರ್ಷಗಳಾದ ಮೇಲೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿದೆ. ದಾರ ಹಾಕಿದಾಗ ಹೇಗಿತ್ತೋ ಹಾಗೇ ಇದೆ. ಕೀಲಿನ ಹತ್ತಿರದ ಫೋಮ್ ಇನ್ನೂ ಪುಟಿಯುತ್ತದೆ, ಆದರೆ ಒಂದು ತುದಿಯಲ್ಲಿ ಅಂಟು ಬಿಟ್ಟು ಪಟ್ಟಿ ಜರುಗಿದೆ. ಬಿಸಿಗೆ ಅಂಟು ಮೆತ್ತಗಾಗಿರಬೇಕು. ಒಂದು ಪಟ್ಟಿ ಬದಲಿಸಿದರೆ ಸಾಕು, ಉಳಿದ ತುಂಡುಗಳು ಇದ್ದೇ ಇವೆ. ಕನ್ನಡಿಯ ಫೋಮ್ ಮಾತ್ರ ಎಲ್ಲಕ್ಕಿಂತ ಇಷ್ಟವಾಯಿತು. ಮೊದಲಿದ್ದ ಕಟಕಟ ಸದ್ದು ಹೋಗಿ, ಕ್ಲಿಕ್ ಮಾಡಿದಾಗ ಮೆತ್ತನೆಯ ಸದ್ದು ಬರುತ್ತಿದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅಳತೆ ಪಟ್ಟಿ, ಬ್ಲೇಡ್ ಹಿಡಿದು ಕೂರುವ ತಾಳ್ಮೆ ಇರುವವರು ಕಿಟ್ ಬದಲು ಬಿಡಿ ಫೋಮ್ ಹಾಳೆ ತರಿಸಿಕೊಳ್ಳಿ.