‘ನೀ’ ಹುಡುಕಿಕೊಟ್ಟ ವಿಕ್ಷನರಿ

ಚೀನೀ ಕ್ಲಾಸಿಗೆ ಸೇರಿದ ಮೊದಲ ದಿನವೇ ಮಗಳು ಓಡಿಬಂದಳು: ‘ಅಮ್ಮಾ, ಅವರೂ ನಮ್ಮ ಹಾಗೇ ನೀ ಅಂತಾರೆ!’ ರಾತ್ರಿ ಊಟ ಮುಗಿಸಿ ಇಬ್ಬರೂ ಇಂಗ್ಲಿಷ್ ವಿಕ್ಷನರಿ ತೆರೆದು ಕೂತೆವು. 2002ರಿಂದ ಸ್ವಯಂಸೇವಕರು ಕಟ್ಟುತ್ತಿರುವ ಉಚಿತ ನಿಘಂಟಿದು. ಒಂದೇ ಪುಟದಲ್ಲಿ ಭಾಷೆಗೊಂದು ಭಾಗ. ಜಪಾನಿಯಲ್ಲಿ ‘ನಿ’ ಎಂದರೆ ಎರಡು. ಐರಿಶ್‌ನಲ್ಲಿ ‘ನೀ’ ಎಂದರೆ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಸ್ವೀಡಿಶ್ ‘ನಿ’, ಅಂದರೆ ನೀವು. ಮೊದಲು ಅದು ಬರೀ ‘ಈ’. ಹಿಂದಿನ ಕ್ರಿಯಾಪದದ ಕೊನೆಯ ‘ನ್’ ಬಂದು ಅಂಟಿಕೊಂಡು ‘ನಿ’ ಆಯಿತು. ಚೀನೀ ‘ನೀ’ ನಮಗೆ ನೆಂಟನಲ್ಲ, ಹೋಲಿಕೆ ಬರೀ ಆಕಸ್ಮಿಕ. ನಮ್ಮ ‘ನೀ’ಯ ಒಡಹುಟ್ಟುಗಳು ತಮಿಳು, ಮಲಯಾಳಂನಲ್ಲಿವೆ. ಪ್ರಶ್ನೆ ಕೇಳುವ ಮಕ್ಕಳಿರುವ ಮನೆಯಲ್ಲಿ ಇದನ್ನು ಖಂಡಿತ ಬಳಸಿ. ಈಗ ಮಗಳು ‘ಆ’ ಹುಡುಕುತ್ತಿದ್ದಾಳೆ.