ಇ20, ಸಿಎನ್‌ಜಿ, ವಿದ್ಯುತ್: ನಮ್ಮ ಕಡೆಗೆ ಯಾವ ಕಾರು?

ಹಾಸನ ಪೇಟೆಯೊಳಗೇ ದಿನಕ್ಕೆ 50-60 ಕಿ.ಮೀ. ಸುತ್ತುವವರಿಗೆ ವಿದ್ಯುತ್ ಕಾರು ಒಳ್ಳೆಯದು: ಜಿಎಸ್‌ಟಿ ಶೇ 5 ಮಾತ್ರ, ಓಡಿಸುವ ಖರ್ಚೂ ಕಡಿಮೆ. ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರುವ 15 ಆಂಪಿಯರ್ ಸಾಕೆಟ್ ಬೇಕೇ ಬೇಕು. ಚಾರ್ಮಾಡಿ ಘಾಟಿ ಹತ್ತುವಾಗ ಚಾರ್ಜ್ ಬೇಗ ಕರಗುತ್ತದೆ. ಇಳಿಯುವಾಗ ಮೋಟಾರೇ ವಿದ್ಯುತ್ ಹುಟ್ಟಿಸುವುದರಿಂದ ಒಂದಿಷ್ಟು ಮರಳುತ್ತದೆ, ಬ್ಯಾಟರಿ ಪೂರ್ತಿ ತುಂಬಿದ್ದರೆ ಅದೂ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವ ಮೂಡಿಗೆರೆಯ ತೋಟದ ಮನೆಗೆ ಇದೊಂದನ್ನೇ ನಂಬಬೇಡಿ.

ಅಲ್ಲಿಗೆ ಪೆಟ್ರೋಲೇ ಸರಿ. ಇ20 ಪೆಟ್ರೋಲ್‌ನಲ್ಲಿ ಶೇ 20 ಎಥೆನಾಲ್ (ಒಂದು ಬಗೆಯ ಆಲ್ಕೋಹಾಲ್) ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಅದರ ಜತೆ ತಳಕ್ಕಿಳಿದು ಎಂಜಿನ್ ನಿಂತೀತು. ಹಳೆಯ ಗಾಡಿಯಾದರೆ ರಬ್ಬರ್ ಪೈಪ್, ಸೀಲ್‌ಗಳನ್ನು ನೋಡಿಸಿ.

ಸಿಎನ್‌ಜಿ (ಒತ್ತಡದಲ್ಲಿ ತುಂಬಿದ ನೈಸರ್ಗಿಕ ಅನಿಲ), ದಿನದ ದಾರಿಯಲ್ಲೇ ಬಂಕ್ ಇರುವ ಬಾಡಿಗೆ ಗಾಡಿಗೆ. ಹೆಚ್ಚಿನ ಗಾಡಿಗಳಲ್ಲಿ ಡಿಕ್ಕಿಯ ಜಾಗ ಹೋಗುತ್ತದೆ. ಸಿಲಿಂಡರಿಗೆ 3 ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಬೇಕು.